ಮೋಟಾರಿನ ಹೊಗೆಯೂ ಮಾಲಿಕನ ಹಕ್ಕೂ

ಟರ್ಬೊ ಜೋಡಿಸಿದ ಕಾರಿನಿಂದ ಹೊಗೆಯನ್ನು ಶುದ್ಧಿಗೊಳಿಸುವ ಸಲಕರಣೆಗಳನ್ನು ಕಿತ್ತುಹಾಕಿದರೆ ಎಂಜಿನ್ನಿನ ಉಸಿರು ಸಲೀಸಾಗಿ ಶಕ್ತಿ ಹೆಚ್ಚುವುದೆಂಬ ಅಭಿಪ್ರಾಯ ಯಂತ್ರಪ್ರಿಯರಲ್ಲಿ ಬೇರೂರಿದೆ. ಇದರಲ್ಲಿ ನಿಜವೆಷ್ಟು, ಭ್ರಮೆಯೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ನಾನು ಯಂತ್ರಶಾಸ್ತ್ರ ಓದಿದವನಲ್ಲ. ಆದರೆ ಇದು ಅರ್ಥಶಾಸ್ತ್ರಕ್ಕೂ ಪೌರನೀತಿಗೂ ಸೇರಿದ ಪ್ರಶ್ನೆಯಾದುದರಿಂದ ಲೇಖನಿ ಹಿಡಿದಿದ್ದೇನೆ.

ಉದಾಹರಣೆಗೆ ಜಪಾನಿನ ಮಾಜ್ದಾ ಆರ್‌ಎಕ್ಸ್-7 ಕಾರಿನ ಮೂರನೆಯ ಪೀಳಿಗೆಯನ್ನು ತೆಗೆದುಕೊಳ್ಳೋಣ. 1991ರಲ್ಲಿ ಹೊರಬಂದ ಈ ಕಾರಿನ ಎಂಜಿನ್ನಿಗೆ ಪಿಸ್ಟನ್ನುಗಳಿಲ್ಲ. ಅವುಗಳ ಬದಲು ತ್ರಿಕೋನಾಕಾರದ ಎರಡು ರೋಟರುಗಳು ತಿರುಗುತ್ತವೆ. ಅದಕ್ಕೆ ಟರ್ಬೊಗಳೂ ಎರಡು. ಕಡಮೆ ವೇಗದಲ್ಲಿ ಒಂದೇ ದುಡಿಯುತ್ತದೆ. ಎಂಜಿನ್ನು ನಿಮಿಷಕ್ಕೆ ಸುಮಾರು 4,500 ಸುತ್ತು ತಿರುಗುವಾಗ ಎರಡನೆಯದು ಬಂದು ಹೆಗಲು ಕೊಡುತ್ತದೆ. ಈ ಹೊಂದಾಣಿಕೆಗೂ ಹೊಗೆಯ ನಿಯಂತ್ರಣಕ್ಕೂ ಬೇಕಾದ ಸಣ್ಣ ರಬ್ಬರ್ ಕೊಳವೆಗಳು, ವಿದ್ಯುತ್ ಕವಾಟಗಳು ಗಾಳಿ ಒಳಹೋಗುವ ಮ್ಯಾನಿಫೋಲ್ಡಿನ ಕೆಳಗೆ ಕಿಕ್ಕಿರಿದಿವೆ. ಅಮೆರಿಕದ ಮಾಲಿಕರು ಇದನ್ನು ‘ಇಲಿಯ ಗೂಡು’ ಎಂದೇ ಕರೆದರು. ವರ್ಷಗಳ ಬಿಸಿಗೆ ರಬ್ಬರು ಗಡುಸಾಗಿ ಬಿರಿಯುವುದರಿಂದ ಹಲವರು ಗೂಡನ್ನೇ ಕಿತ್ತೆಸೆದರು.

ಈ ಕೊಳವೆಗಳಲ್ಲಿ ನಡೆಯುವುದೇನು? ಥ್ರಾಟಲ್ ಅರೆಮುಚ್ಚಿರುವಾಗ ಮ್ಯಾನಿಫೋಲ್ಡಿನ ಒತ್ತಡ ಹೊರಗಿನ ಗಾಳಿಗಿಂತ ಕಡಮೆ. ಆಗ ಕೊಳವೆಯಲ್ಲಿ ಹೀರುವಿಕೆ ಇರುತ್ತದೆ. ಟರ್ಬೊ ದುಡಿಯತೊಡಗಿದೊಡನೆ ಅದೇ ಕೊಳವೆಯಲ್ಲಿ ಒತ್ತಡ ತುಂಬುತ್ತದೆ. ಆದುದರಿಂದಲೇ ಬ್ರೇಕಿಗೆ ನೆರವಾಗುವ ಬೂಸ್ಟರಿನ ದಾರಿಯಲ್ಲಿ ಒಮ್ಮುಖ ಕವಾಟ ಇರಲೇಬೇಕು. ಪೆಟ್ರೋಲಿನ ಒತ್ತಡದ ರೆಗ್ಯುಲೇಟರಿಗೂ ಒಂದು ಕೊಳವೆಯುಂಟು. ಮ್ಯಾನಿಫೋಲ್ಡಿನ ಒತ್ತಡ ಏರಿದಷ್ಟೂ ಪೆಟ್ರೋಲಿನ ಒತ್ತಡವನ್ನು ಏರಿಸುವುದು ಅದರ ಕೆಲಸ. ಅದನ್ನು ತಪ್ಪು ಜಾಗಕ್ಕೆ ಜೋಡಿಸಿದರೆ, ಶಕ್ತಿ ಬೇಕಾದ ಹೊತ್ತಿನಲ್ಲಿಯೇ ಪೆಟ್ರೋಲು ಸಾಲದೆ ಮಿಶ್ರಣ ಅಡ್ಡಾದಿಡ್ಡಿ ಸಿಡಿದು ಎಂಜಿನ್ನು ಹಾಳಾಗಬಹುದು. ವೇಸ್ಟ್‌ಗೇಟಿನ ಕೊಳವೆ ಕಳಚಿದರಂತೂ ಟರ್ಬೊಗೆ ಕಡಿವಾಣವೇ ಇಲ್ಲ.

ಇನ್ನು ಲಾಭದ ಲೆಕ್ಕ ನೋಡೋಣ. ಇದ್ದಿಲು ತುಂಬಿದ ಡಬ್ಬಿಯು ಟ್ಯಾಂಕಿನಿಂದೇಳುವ ಪೆಟ್ರೋಲಿನ ಆವಿಯನ್ನು ಹಿಡಿದಿಟ್ಟು ಎಂಜಿನ್ನಿಗೆ ಉಣಿಸುತ್ತದೆ. ಅದನ್ನು ಕಿತ್ತರೆ ಶಕ್ತಿ ಹೆಚ್ಚದು, ವಾಸನೆ ಹೆಚ್ಚುವುದು. ಉರಿದ ಅನಿಲದ ಒಂದಂಶವನ್ನು ಮರಳಿ ಒಳಕ್ಕೆ ಕಳುಹಿಸುವ ಇ.ಜಿ.ಆರ್. ಕವಾಟವು ದಹನದ ಉಷ್ಣತೆಯನ್ನು ತಗ್ಗಿಸಿ ಸಾರಜನಕದ ಆಕ್ಸೈಡುಗಳನ್ನು ಕಡಮೆ ಮಾಡುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಈ ಕವಾಟ ಸಾಮಾನ್ಯವಾಗಿ ಮುಚ್ಚಿಯೇ ಇರುವುದರಿಂದ ಇಲ್ಲಿಯೂ ಲಾಭವಿಲ್ಲ. ಹೊಗೆಯ ದಾರಿಗೆ ನಿಜವಾಗಿ ಅಡ್ಡಿಯಾಗುವುದು ಕ್ಯಾಟಲಿಟಿಕ್ ಕನ್ವರ್ಟರ್. ಅದನ್ನು ತೆಗೆದರೆ ಶಕ್ತಿ ಹೆಚ್ಚುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ಆಗ ವೇಸ್ಟ್‌ಗೇಟಿನ ಹಿಡಿತಕ್ಕೆ ಸಿಗದಂತೆ ಒತ್ತಡ ಏರಿ ಎಂಜಿನ್ನಿಗೆ ಅಪಾಯವಾಗುವುದೂ ಈ ಕಾರಿನಲ್ಲಿ ಉಂಟು.

ಈ ಲಾಭಕ್ಕೆ ಬೆಲೆ ತೆರುವವರು ಯಾರು? ಲಾಸ್ ಏಂಜಲೀಸ್ ನಗರದ ಕಣ್ಣುರಿಸುವ ಮಬ್ಬು ಎಲ್ಲಿಂದ ಬಂದಿತೆಂಬುದನ್ನು 1950ರ ದಶಕದ ಆರಂಭದಲ್ಲಿ ಹಾಗನ್-ಸ್ಮಿಟ್ ಎಂಬ ರಸಾಯನವಿಜ್ಞಾನಿ ವಿವರಿಸಿದರು. ಹೈಡ್ರೋಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ವರ್ತಿಸಿ ಓಝೋನ್ ಹುಟ್ಟುತ್ತದೆ. ಇವೆರಡಕ್ಕೂ ಮೋಟಾರಿನ ಹೊಗೆ ದೊಡ್ಡ ಮೂಲ. ಅಮೆರಿಕದಲ್ಲಿ 1970ರ ಶುದ್ಧ ವಾಯು ಕಾನೂನು ಬಂದಿತು; 1990ರ ತಿದ್ದುಪಡಿಯು ಈ ಸಲಕರಣೆಗಳನ್ನು ಕೆಡಿಸುವುದನ್ನು ಮಾಲಿಕನಿಗೂ ನಿಷೇಧಿಸಿತು. ನಮ್ಮಲ್ಲಿಯೂ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ಮನಬಂದಂತೆ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕೆಂದು ನನ್ನ ಮತವಲ್ಲ. ಬಿರಿದ ಕೊಳವೆಗಳನ್ನು ತೆಗೆದು ಬಿಸಿ ತಾಳುವ ಸಿಲಿಕೋನ್ ಕೊಳವೆಗಳನ್ನು ನಕ್ಷೆಯಂತೆ ಒಂದೊಂದಾಗಿ ಜೋಡಿಸುವುದು ತಾಳ್ಮೆಯ, ಮೆಚ್ಚತಕ್ಕ ಕೆಲಸ. ಹಾಗೆ ಮಾಡಿದವನಿಗೆ ಕಾರಿನ ಕಳೆದ ಶಕ್ತಿ ಅನೇಕ ವೇಳೆ ಮರಳಿ ದೊರೆಯುತ್ತದೆ. ಕಿತ್ತುಹಾಕುವವನಾದರೋ ತನ್ನ ಕಾರಿನ ವೇಗಕ್ಕಾಗಿ ದಾರಿಹೋಕರ ಶ್ವಾಸಕೋಶಗಳ ಮೇಲೆ, ಅವರನ್ನು ಕೇಳದೆಯೇ, ತೆರಿಗೆ ಹಾಕುತ್ತಾನೆ. ಕಾರು ಮಾಲಿಕನ ಸ್ವತ್ತು, ನಿಜ. ಆದರೆ ಅದರ ಹೊಗೆ ಹೋಗಿ ಸೇರುವ ಗಾಳಿ ಎಲ್ಲರದು. ವಿದ್ಯಾವಂತರಾದ ನಾವು ಕತ್ತರಿ ಹಿಡಿಯುವ ಮೊದಲು ಈ ಭೇದವನ್ನು ಮನಗಾಣಬೇಕು.