ಮುಂದಿನ ಸರದಿ ನಿಂದು

ಬರುವ ಭಾನುವಾರ ಐದು ಜನ ಗೆಳೆಯರನ್ನು ಕೂರಿಸಿಕೊಂಡು ಮೊದಲ ಸಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನುವ ಕಥೆಯಾಟ ಆಡಿಸುತ್ತೇನೆ ಅಂದೆಯಲ್ಲವ್ವ, ಕೇಳಿ ಖುಷಿಯಾಯಿತು. ಕಥೆ ಕಟ್ಟುವುದನ್ನು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಾಳಗ ಶುರುವಾದ ಮೇಲೆ ಸರದಿ ನಡೆಸುವುದಿದೆಯಲ್ಲ, ಅದರ ಬಗ್ಗೆ ಈ ದೊಡ್ಡಪ್ಪನದೊಂದು ಮಾತು ಕೇಳು.

ನಾನು ಸರದಿ ಕಲಿತದ್ದು ನಮ್ಮೂರು ಹರಿಯಬ್ಬೆಯ ಮನೆ ಜಗಲಿ ಮೇಲೆ, ಚೌಕಾಬಾರದಲ್ಲಿ. ಬಳಪದಲ್ಲಿ ಗೀಚಿದ 25 ಮನೆ, ನಾಲ್ಕು ಕಡೆಗೆ ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವ ತನಕ ಕಲ್ಲಿಗೆ ಉಜ್ಜಿಕೊಳ್ಳುತ್ತಿದ್ದೆವು. ನಾಲ್ಕೂ ಬೆಳ್ಳಗೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಾದರೆ ಎಂಟು. ಎರಡಕ್ಕೂ ಇನ್ನೊಂದು ಗರ. ಎದುರಾಳಿಯ ಕಾಯಿ ಹೊಡೆದರೂ ಇನ್ನೊಂದು. ಅಜ್ಜಿ, ಚಿಕ್ಕಪ್ಪಂದಿರ ಜೊತೆ ಆರು ವರ್ಷದ ನಾನೂ ಕೂರುತ್ತಿದ್ದೆ. ಮನೆಯಲ್ಲಿ ನನ್ನ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಆದರೆ ನನ್ನ ಸರದಿಗೆ ಬೀಜ ನನ್ನ ಅಂಗೈಗೇ ಬರುತ್ತಿತ್ತು, ನಾನು ಚೆಲ್ಲುವ ತನಕ ದೊಡ್ಡವರೆಲ್ಲ ಕಾಯುತ್ತಿದ್ದರು. ಸುಮ್ಮನೆ ಕೂತವರಿಗೂ ಆಟ ಸಿಗಲಿ ಅಂತಲೇ ಸರದಿ ಇರುವುದು.

ನಿನ್ನ ಆಟದಲ್ಲಿ ಸರದಿ ಗೊತ್ತುಮಾಡುವುದಕ್ಕೆ ‘ಇನಿಶಿಯೇಟಿವ್’ ಅನ್ನುತ್ತಾರೆ. ಎಲ್ಲರೂ 20 ಮುಖದ ದಾಳ ಉರುಳಿಸಿ, ತಮ್ಮ ಪಾತ್ರದ ಚುರುಕಿನ ಅಂಕ ಕೂಡಿಸುತ್ತಾರೆ. ಮೊತ್ತ ಹೆಚ್ಚಿದ್ದವರು ಮೊದಲು. ಕಥೆಯೊಳಗೆ ಒಂದು ಸುತ್ತು ಸುಮಾರು 6 ಸೆಕೆಂಡು. ಮೇಜಿನ ಸುತ್ತ ಲೆಕ್ಕ ಬೇರೆ: ಐವರೂ ಎರಡೆರಡು ನಿಮಿಷ ತಗೊಂಡು, ರಾಕ್ಷಸರಿಗೆ ನೀನೂ ಎರಡು ನಿಮಿಷ ತಗೊಂಡರೆ ಸುತ್ತು ಮುಗಿಯಲು 12 ನಿಮಿಷ. ಅಷ್ಟರಲ್ಲಿ ಕಾಯುವವರ ಕೈ ಮೊಬೈಲಿಗೆ ಹೋಗಿರುತ್ತದೆ. ಅವರ ಮೇಲೆ ರೇಗಬೇಡ, ಕಾಯುವ ಹೊತ್ತು ಕಡಿಮೆ ಮಾಡು.

ಹೆಸರು ಬರೆದ ಚೀಟಿಗಳನ್ನು ಕ್ರಮವಾಗಿ ಎಲ್ಲರಿಗೂ ಕಾಣುವಂತೆ ನಿಲ್ಲಿಸು. ಆರು ಗಾಬ್ಲಿನ್ ಬಂದರೆ ಆರಕ್ಕೂ ಸೇರಿ ಒಂದೇ ದಾಳ ಹಾಕು, ನಿಯಮವೂ ಅದನ್ನೇ ಹೇಳುತ್ತದೆ. ಏಟು ತಗುಲಿತೇ ಎಂದು ನೋಡುವ ದಾಳವನ್ನೂ ಪೆಟ್ಟು ಎಷ್ಟೆಂದು ನೋಡುವ ದಾಳವನ್ನೂ ಆಟಗಾರರು ಒಟ್ಟಿಗೇ ಉರುಳಿಸಲಿ. ಯಾವಾಗಲೂ ಎರಡು ಹೆಸರು ಕೂಗು: “ಈಗ ಬಿಲ್ಲುಗಾರ, ಮುಂದೆ ಮಂತ್ರವಾದಿ.” ನಮ್ಮಜ್ಜಿ “ಮುಂದಿಂದು ನಿಂದು ಕಣೋ” ಅಂತ ಮೊದಲೇ ಎಚ್ಚರಿಸುತ್ತಿದ್ದಳು. ಹಾಗಾಗಿ ಬೀಜ ಕೈಗೆ ಬರುವಷ್ಟರಲ್ಲಿ ಯಾವ ಕಾಯಿ ನಡೆಸಬೇಕು ಅನ್ನುವುದು ತಲೆಯಲ್ಲಿ ಸಿದ್ಧವಿರುತ್ತಿತ್ತು.

ಇದೊಂದೇ ದಾರಿ ಅಂದುಕೊಳ್ಳಬೇಡ. ನಿನ್ನ ಆಟದ್ದೇ 1981ರ ಬೇಸಿಕ್ ಆವೃತ್ತಿಯಲ್ಲಿ ಎರಡು ಪಕ್ಷಗಳು ಪ್ರತಿ ಸುತ್ತಿಗೂ ಒಂದೊಂದು ಆರುಮುಖದ ದಾಳ ಹಾಕಿ, ಗೆದ್ದ ಪಕ್ಷ ಮೊದಲು ನುಗ್ಗುತ್ತಿತ್ತು. ‘ಸ್ಯಾವೇಜ್ ವರ್ಲ್ಡ್ಸ್’ ಅನ್ನುವ ಇಂಥದ್ದೇ ಇನ್ನೊಂದು ಆಟದಲ್ಲಿ ಇಸ್ಪೀಟ್ ಎಲೆ ಹಂಚಿ ಸರದಿ ಗೊತ್ತುಮಾಡುತ್ತಾರೆ. ಯಾವುದನ್ನಾದರೂ ಆರಿಸಿಕೊ, ಆಟಕ್ಕೆ ಮೊದಲೇ ಎಲ್ಲರಿಗೂ ತಿಳಿಸು, ಕಾಳಗದ ನಡುವೆ ಬದಲಿಸಬೇಡ.

ಇನ್ನೊಂದು ಮಾತಿದೆ, ಪೆಟ್ಟು ತಿಂದು ಕಲಿತದ್ದು. ಒಮ್ಮೆ ನನ್ನ ಮೇಜಿಗೆ ಬಂದ ಹೊಸ ಹುಡುಗ ತನ್ನ ಸರದಿಯಲ್ಲಿ ಏನೂ ತೋಚದೆ ಕೂತ. ಪಕ್ಕದಲ್ಲಿದ್ದ ಅನುಭವಿ, “ಇವನು ಕತ್ತಿ ಬೀಸುತ್ತಾನೆ” ಅಂದ. ಹೊತ್ತು ಉಳಿಯಿತು ಅಂತ ನಾನೂ ಒಪ್ಪಿಬಿಟ್ಟೆ. ಹುಡುಗ ಆಟ ಮುಗಿಯುವ ತನಕ ತುಟಿ ಬಿಚ್ಚಲಿಲ್ಲ, ಮುಂದಿನ ವಾರ ಬರಲೂ ಇಲ್ಲ. ನಾನು ಉಳಿಸಿದ ಅರ್ಧ ನಿಮಿಷ ಅವನದಾಗಿತ್ತು.

ಅದಕ್ಕೇ ಹೇಳುತ್ತೇನೆ, ಅವಸರ ಮಾಡುವುದಿದ್ದರೆ ನಿನ್ನ ರಾಕ್ಷಸರ ಸರದಿಯಲ್ಲಿ ಮಾಡು. ತಡವರಿಸುವವರನ್ನು ಮೆಲ್ಲಗೆ ಕೇಳು: “ಹೊಡೀತೀಯಾ, ಜೊತೆಯವರನ್ನು ಕಾಪಾಡ್ತೀಯಾ, ಜಾಗ ಬದಲಿಸ್ತೀಯಾ?” ಉತ್ತರ ಅವರ ಬಾಯಿಂದಲೇ ಬರಲಿ. ಅಲ್ಲಿಯ ತನಕ ಬೇರೆ ಯಾರಿಗೂ ದಾಳ ಮುಟ್ಟಲು ಬಿಡಬೇಡವ್ವ.