ಉದ್ದ ಹಿಡಿಯ ಕುಡುಗೋಲು: ಕೊಳ್ಳುವ ಮೊದಲು ಅಲಗು ತಟ್ಟೋದು ಕಲಿಯಿರಿ

ಯುರೋಪಿನ ರೈತರು ನಿಂತುಕೊಂಡೇ ಉದ್ದ ಕುಡುಗೋಲು ಬೀಸಿ ಹುಲ್ಲು ಕೊಯ್ಯೋ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಆ ಸಾಧನದ ಹೆಸರು ಸೈದ್. ಬಗ್ಗೋದು ಬೇಡ, ಪೆಟ್ರೋಲ್ ಬೇಡ. ಒಂದು ತರಿಸೋಣ ಅನ್ನಿಸೋದು ಸಹಜ. ಆದರೆ ನಮ್ಮ ಕುಡುಗೋಲಿಗೇ ಉದ್ದ ಕೋಲು ಕಟ್ಟಿದ್ದಾರೆ ಅಂದುಕೊಂಡು ತರಿಸಿದರೆ ದುಡ್ಡು ದಂಡ.

ಕುಡುಗೋಲಿನಲ್ಲಿ ಎಡಗೈ ಹುಲ್ಲನ್ನು ಹಿಡಿದಿರುತ್ತೆ. ಹಾಗಾಗಿ ಬಾಯಿ ಸ್ವಲ್ಪ ಮೊಂಡಾದರೂ ಎಳೆದು ಕೊಯ್ಯಬಹುದು. ಸೈದ್‌ಗೆ ಹುಲ್ಲು ಹಿಡಿದುಕೊಡುವವರು ಯಾರೂ ಇಲ್ಲ. ಅಲಗು ಮೊಂಡಾದರೆ ಹುಲ್ಲು ಬಾಗುತ್ತೆ, ಕತ್ತರಿಸಲ್ಲ.

ಆಸ್ಟ್ರಿಯಾ ಕಡೆಯ ಅಲಗಿನ ಗುಟ್ಟು ಇರೋದು ಸುತ್ತಿಗೆಯಲ್ಲಿ. ಸಣ್ಣ ಅಡಿಗಲ್ಲಿನ ಮೇಲಿಟ್ಟು, ಬಿಸಿ ಮಾಡದೆ, ಅಂಚನ್ನಷ್ಟೇ ಮೆಲ್ಲಗೆ ತಟ್ಟುತ್ತಾ ಹೋಗಿ ಕಾಗದದಷ್ಟು ತೆಳುವು ಮಾಡುತ್ತಾರೆ. ಕೆಲವು ಗಂಟೆ ಕೊಯ್ದ ಮೇಲೆ ಮತ್ತೆ ತಟ್ಟಬೇಕು. ಗ್ರೈಂಡರ್‌ಗೆ ಹಿಡಿದರೆ ಕಾವಿಗೆ ಉಕ್ಕಿನ ಹದ ಕೆಡುತ್ತೆ. ತಟ್ಟಿದ ಮೇಲೂ, ಕೊಯ್ಯುವಾಗ ಐದು-ಹತ್ತು ನಿಮಿಷಕ್ಕೊಮ್ಮೆ ನಿಂತು ಒದ್ದೆ ಕಲ್ಲಿನಿಂದ ಮಸೆಯಬೇಕು. ಅದಕ್ಕೇ ಅವರ ಸೊಂಟದಲ್ಲಿ ನೀರು, ಕಲ್ಲು ಎರಡೂ ಇರೋ ಡಬ್ಬಿ ಸದಾ ನೇತಾಡುತ್ತಿರುತ್ತೆ.

ಬೀಸುವಾಗ ಮಚ್ಚಿನಂತೆ ಕಡಿಯಬೇಡಿ. ಅಲಗಿನ ಅಡಿಭಾಗ ನೆಲ ಬಿಡಬಾರದು. ಬಲದಿಂದ ಎಡಕ್ಕೆ ಕಮಾನಿನಂತೆ ಜಾರಿಸಬೇಕು, ತಿರುಗಬೇಕಾದ್ದು ಸೊಂಟ, ಬರೀ ತೋಳಲ್ಲ. ಒಂದು ಬೀಸಿಗೆ ಸ್ವಲ್ಪವೇ ಮುಂದೆ ಹೋಗಿ. ಕೊಯ್ದ ಹುಲ್ಲು ತಾನೇ ಎಡಕ್ಕೆ ಸಾಲಾಗಿ ಬೀಳುತ್ತೆ. ಇಬ್ಬನಿ ಇರೋ ಬೆಳಗಿನ ಹೊತ್ತೇ ಒಳ್ಳೇದು, ಒದ್ದೆ ಹುಲ್ಲು ಸಲೀಸಾಗಿ ಕೊಯ್ಯಲು ಬರುತ್ತೆ.

ನಮ್ಮಲ್ಲಿ ಎಲ್ಲಿಗೆ ಸರಿ? ಕಲ್ಲಿಲ್ಲದ ತೆಂಗಿನ ತೋಟದ ಹುಲ್ಲು, ಕುದುರೆ ಮಸಾಲೆ ಮಡಿ, ಇಷ್ಟಕ್ಕೆ ಧೈರ್ಯವಾಗಿ ಬಳಸಿ. ಬಲಿತ ನೇಪಿಯರ್ ದಂಟಿಗೆ ಬೀಸಿದರೆ ತೆಳು ಅಂಚು ಮುರಿಯುತ್ತೆ. ಡ್ರಿಪ್ ಪೈಪ್ ಹಾಸಿದ ಕಡೆ ಬೇಡವೇ ಬೇಡ, ಹುಲ್ಲಿನ ಜೊತೆ ಪೈಪೂ ಹೋಗುತ್ತೆ!

ರಾಗಿ, ಭತ್ತಕ್ಕೆ? ಯುರೋಪ್, ಅಮೆರಿಕದಲ್ಲಿ ಗೋಧಿ ಕೊಯ್ಯಲು ಇದಕ್ಕೆ ಮರದ ಬೆರಳುಗಳ ಚೌಕಟ್ಟು ಕಟ್ಟುತ್ತಿದ್ದರು, ತೆನೆಗಳು ಒಂದೇ ದಿಕ್ಕಿಗೆ ಬೀಳಲಿ ಅಂತ. ಅದಿಲ್ಲದೆ ಬೀಸಿದರೆ ಕಂತೆ ಕಟ್ಟೋದು ಕಷ್ಟ, ಕಾಳೂ ಉದುರೀತು. ನನ್ನ ಪ್ರಕಾರ ರಾಗಿಗೆ ನಮ್ಮ ಕುಡುಗೋಲೇ ಸರಿ.

ತರಿಸೋದೇ ಆದರೆ, ಕಲಿಯುವವರಿಗೆ 60–65 ಸೆಂ.ಮೀ. ಅಲಗು ಸಾಕು. ತಟ್ಟುವಂಥ ಅಲಗೋ ಅಲ್ಲವೋ ಮೊದಲು ಕೇಳಿ. ಅಮೆರಿಕ ಮಾದರಿಯದು ಗಟ್ಟಿ ಉಕ್ಕು, ಅದಕ್ಕೆ ಸಾಣೆಯೇ ಗತಿ. ಅಡಿಗಲ್ಲು, ಸುತ್ತಿಗೆ, ಮಸೆಗಲ್ಲು ಜೊತೆಗೇ ತರಿಸಿ. ಕೋಲನ್ನು ಊರಿನ ಬಡಗಿಯಿಂದ ಮಾಡಿಸಬಹುದು. ನೇರ ನಿಂತಾಗ ಕೆಳಗಿನ ಹಿಡಿ ನಿಮ್ಮ ಸೊಂಟದ ಮೂಳೆಯ ಮಟ್ಟಕ್ಕೆ ಬರಬೇಕು ಅಂತ ಅವರಿಗೆ ಹೇಳಿ.