ಉಸಿರಿನ ಬಾಗಿಲು: ಗೂರಲು ರೋಗ ಮತ್ತು ವಂಶವಾಹಿ

ಕಾರ್ತಿಕ ಕಳೆದು ಮಾರ್ಗಶಿರದ ಚಳಿ ಇಳಿಯುವ ವೇಳೆಗೆ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಗೂರಲು ರೋಗಿಗಳ ಸಂಕಟ ಹೆಚ್ಚುತ್ತದೆ. ಬಯಲುಸೀಮೆಯ ಕಣಗಳಲ್ಲಿ ರಾಗಿ ಒಕ್ಕಣೆಯ ದೂಳು, ತರೀಕೆರೆಯ ತೋಟದ ಸೀಮೆಯಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ, ಎಲ್ಲೆಡೆಯೂ ಮುಂಜಾವಿನ ಮಂಜು. ಇವು ಮೂರೂ ಒಟ್ಟಿಗೆ ಸೇರುವ ಕಾಲವದು. ಆಸ್ತಮಾ, ಉಬ್ಬಸ, ದಮ್ಮು ಎಂದು ನಾನಾ ಹೆಸರುಗಳಿಂದ ಕರೆಯಲ್ಪಡುವ ಈ ರೋಗಕ್ಕೆ ಒಳಗಾದವರಿಂದ ವೈದ್ಯರು ಎರಡು ಮಾತುಗಳನ್ನು ತಪ್ಪದೆ ಕೇಳುತ್ತಾರೆ. ಮೊದಲನೆಯದು: "ಇದು ನಮ್ಮ ವಂಶದಲ್ಲೇ ಬಂದದ್ದು ಡಾಕ್ಟ್ರೇ, ಏನು ಮಾಡಿದರೂ ಅಷ್ಟೇ." ಎರಡನೆಯದು: "ಆ ಪಂಪು ಒಂದು ಬೇಡ, ಹಿಡಿದರೆ ಬಿಡಲಿಕ್ಕಾಗುವುದಿಲ್ಲವಂತೆ."

ಮೊದಲ ಮಾತಿನ ಅರ್ಧ ಭಾಗ ಸತ್ಯ, ಉಳಿದರ್ಧ ಸುಳ್ಳು. ಎರಡನೆಯ ಮಾತು ಪೂರ್ಣ ಸುಳ್ಳು. ಇವೆರಡನ್ನೂ ನಂಬಿ ಚಿಕಿತ್ಸೆಯನ್ನು ಕೈಬಿಟ್ಟವರು ಪ್ರಾಣಕ್ಕೇ ಸಂಚಕಾರ ತಂದುಕೊಳ್ಳುತ್ತಾರೆ. ಆದುದರಿಂದ ಈ ರೋಗದ ಚಿಕಿತ್ಸೆಯೊಡನೆ ನೇರ ಸಂಬಂಧವಿರುವ ಒಂದು ವಂಶವಾಹಿಯನ್ನು ಈ ಸಂಚಿಕೆಯಲ್ಲಿ ಪರಿಚಯ ಮಾಡಿಕೊಳ್ಳೋಣ.

ಒಂದೇ ರಸ, ಹಲವು ಬಾಗಿಲು

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಚಿಕ್ಕ ಗ್ರಂಥಿಗಳಿವೆ. ಭಯ, ಕೋಪ, ಶ್ರಮಗಳ ಸಂದರ್ಭದಲ್ಲಿ ಇವು ಅಡ್ರಿನಾಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಹಾವನ್ನು ಕಂಡೊಡನೆ ಎದೆ ಬಡಿದುಕೊಳ್ಳುವುದು, ಕಣ್ಣಿನ ಪಾಪೆ ಅರಳುವುದು, ಓಡುವುದಕ್ಕೆ ಅನುವಾಗುವಂತೆ ಶ್ವಾಸನಾಳಗಳು ಹಿಗ್ಗುವುದು, ಇವೆಲ್ಲಕ್ಕೂ ಈ ರಸವೇ ಕಾರಣ.

ಒಂದೇ ರಸ ಇಷ್ಟು ಬಗೆಯ ಕೆಲಸವನ್ನು ಹೇಗೆ ಮಾಡೀತು? ಇದಕ್ಕೆ ಉತ್ತರ ಸೂಚಿಸಿದವರು ಅಮೆರಿಕದ ವಿಜ್ಞಾನಿ ರೇಮಂಡ್ ಆಲ್ಕ್ವಿಸ್ಟ್. ಅಡ್ರಿನಾಲಿನ್ನನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಶರೀರದಲ್ಲಿ ಕನಿಷ್ಠ ಎರಡು ಬಗೆಯವು ಎಂದು ಅವರು 1948ರಲ್ಲಿ ಪ್ರತಿಪಾದಿಸಿ, ಅವುಗಳಿಗೆ ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಇಂದು ಒಂಬತ್ತು ಬಗೆಗಳು ತಿಳಿದಿವೆ. ಬೀಟಾ-1 ಹೃದಯದಲ್ಲಿ ಪ್ರಧಾನ, ಬೀಟಾ-2 ಶ್ವಾಸನಾಳಗಳಲ್ಲಿ, ಬೀಟಾ-3 ಮೇದಸ್ಸಿನ ಕೋಶಗಳಲ್ಲಿ. ಅಡ್ರಿನಾಲಿನ್ ಬೀಗದ ಕೈಯಾದರೆ ಗ್ರಾಹಕವು ಬೀಗವಿರುವ ಬಾಗಿಲು. ಯಾವ ಬಾಗಿಲು ತೆರೆಯಿತೋ ಅದಕ್ಕೆ ತಕ್ಕ ಕೆಲಸ ನಡೆಯುತ್ತದೆ.

ಶ್ವಾಸನಾಳಗಳ ಸುತ್ತ ಬಳೆಯಂತೆ ತೆಳುವಾದ ಸ್ನಾಯುಗಳಿವೆ. ಗೂರಲಿನಲ್ಲಿ ನಾಳದ ಒಳಪೊರೆ ಬಾತುಕೊಂಡು, ಲೋಳೆ ಕಟ್ಟಿಕೊಂಡು, ಈ ಬಳೆಗಳು ಬಿಗಿಯುತ್ತವೆ. ಬೀಟಾ-2 ಬಾಗಿಲು ತೆರೆದಾಗ ಅವು ಸಡಿಲಗೊಳ್ಳುತ್ತವೆ. 1969ರಿಂದ ಬಳಕೆಗೆ ಬಂದ ಸಾಲ್ಬ್ಯುಟಮಾಲ್ ಮುಖ್ಯವಾಗಿ ಈ ಬಾಗಿಲಿಗೆಂದೇ ರೂಪಿಸಿದ ಕೈ. ಪಂಪಿನಿಂದ ಒಳಗೆಳೆದುಕೊಂಡ ಕೆಲವೇ ನಿಮಿಷಗಳಲ್ಲಿ ಉಸಿರು ಸಲೀಸಾಗುವುದು ಇದರಿಂದ. ಪಂಪು ಎಳೆದ ಬಳಿಕ ಕೆಲವರಿಗೆ ಬೆರಳು ನಡುಗುವುದೂ ಇದೇ ಕಾರಣಕ್ಕೆ; ಕೈಗಳ ಸ್ನಾಯುಗಳಲ್ಲಿಯೂ ಅದೇ ಬಾಗಿಲುಗಳಿವೆ. ಆ ನಡುಕ ಸ್ವಲ್ಪ ಹೊತ್ತಿನಲ್ಲಿ ಶಮನವಾಗುತ್ತದೆ. ಅದು ಚಟದ ಲಕ್ಷಣವಲ್ಲ.

ಬಾಗಿಲಿನ ನಕ್ಷೆ

ಮನೆಯ ಬಾಗಿಲಿಗೆ ಬಡಗಿಯ ಅಳತೆಯಿರುವಂತೆ ಈ ಗ್ರಾಹಕಕ್ಕೂ ಒಂದು ನಕ್ಷೆಯಿದೆ. ಅದೇ ಎಡಿಆರ್‌ಬಿ2 ಎಂಬ ವಂಶವಾಹಿ. ನಮ್ಮ 23 ಜೊತೆ ವರ್ಣತಂತುಗಳ ಪೈಕಿ ಐದನೆಯದರ ಉದ್ದನೆಯ ತೋಳಿನಲ್ಲಿ ಇದರ ನೆಲೆ. ಇದರ ಆದೇಶದಂತೆ 413 ಅಮೈನೋ ಆಮ್ಲಗಳು ಮಣಿಸರದಂತೆ ಪೋಣಿಸಲ್ಪಟ್ಟು, ಕೋಶದ ಪೊರೆಯನ್ನು ಏಳು ಬಾರಿ ಹೊಕ್ಕು ಹೊರಬಂದು ಗ್ರಾಹಕವಾಗುತ್ತವೆ. ಈ ಗ್ರಾಹಕಗಳ ಕುಟುಂಬವನ್ನು ಬೆಳಕಿಗೆ ತಂದ ರಾಬರ್ಟ್ ಲೆಫ್ಕೊವಿಟ್ಸ್ ಮತ್ತು ಬ್ರಯಾನ್ ಕೊಬಿಲ್ಕಾ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಎಲ್ಲರ ನಕ್ಷೆಯೂ ಅಕ್ಷರಶಃ ಒಂದೇ ಅಲ್ಲ. ಸರದ 16ನೆಯ ಮಣಿ ಕೆಲವರಲ್ಲಿ ಆರ್ಜಿನೀನ್, ಕೆಲವರಲ್ಲಿ ಗ್ಲೈಸಿನ್. ತಾಯಿಯಿಂದೊಂದು, ತಂದೆಯಿಂದೊಂದು ಪ್ರತಿ ಬರುವುದರಿಂದ ಒಬ್ಬರಲ್ಲಿ ಎರಡೂ ಆರ್ಜಿನೀನ್ ಆಗಿರಬಹುದು, ಎರಡೂ ಗ್ಲೈಸಿನ್ ಆಗಿರಬಹುದು, ಇಲ್ಲವೇ ಒಂದೊಂದು ಇರಬಹುದು. ಈ ಎರಡು ರೂಪಗಳೂ ಭಾರತೀಯರಲ್ಲಿ ಸಾಮಾನ್ಯವಾಗಿ ಕಾಣುತ್ತವೆ. ಇವುಗಳಲ್ಲಿ ಯಾವುದೂ ರೋಗವಲ್ಲ, ಯಾವುದೂ ದೋಷವಲ್ಲ.

ಈ ಒಂದು ಮಣಿಯ ವ್ಯತ್ಯಾಸದಿಂದ ಏನಾಗುತ್ತದೆ ಎಂಬುದನ್ನು ವಿಜ್ಞಾನಿಗಳು ವರ್ಷಗಟ್ಟಲೆ ಪರಿಶೀಲಿಸಿದ್ದಾರೆ. ರಾತ್ರಿಯ ಹೊತ್ತು ಉಲ್ಬಣಿಸುವ ಗೂರಲಿನವರಲ್ಲಿ ಗ್ಲೈಸಿನ್ ರೂಪ ಹೆಚ್ಚೆಂದು 1995ರ ಒಂದು ಅಧ್ಯಯನ ತಿಳಿಸಿತು. 2004ರ ಮತ್ತೊಂದು ಅಧ್ಯಯನದಲ್ಲಿ, ಸಾಲ್ಬ್ಯುಟಮಾಲನ್ನು ಪ್ರತಿದಿನವೂ ನಿಯತವಾಗಿ ಬಳಸಿದಾಗ ಎರಡೂ ಗ್ಲೈಸಿನ್ ಇದ್ದವರಿಗೆ ಬೆಳಗಿನ ಉಸಿರಿನ ಬಲ ಹೆಚ್ಚಿತು. ಎರಡೂ ಆರ್ಜಿನೀನ್ ಇದ್ದವರಿಗೆ ಆ ಲಾಭ ಸಿಗಲಿಲ್ಲ. ಇದರಿಂದ ವೈದ್ಯಲೋಕದಲ್ಲಿ ಕಳವಳ ಉಂಟಾಯಿತು. ಆದರೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಕಳವಳವನ್ನು ಬಹುಮಟ್ಟಿಗೆ ನೀಗಿತು. ಒಳಗೆಳೆದುಕೊಳ್ಳುವ ಸ್ಟಿರಾಯ್ಡ್ ಔಷಧದ ಜೊತೆಗೆ ಇದೇ ಬಾಗಿಲನ್ನು ದೀರ್ಘಕಾಲ ತೆರೆದಿಡುವ ಸಾಲ್ಮೆಟೆರಾಲ್ ಕೊಟ್ಟಾಗ ಎರಡೂ ಗುಂಪಿನವರ ಉಸಿರಿನ ಬಲ ಒಂದೇ ರೀತಿ ಸುಧಾರಿಸಿತು.

ಇದರ ಸಾರಾಂಶವನ್ನು ಓದುಗರು ಮನದಟ್ಟು ಮಾಡಿಕೊಳ್ಳಬೇಕು. ನಾಳದ ಒಳಗಿನ ಬಾವನ್ನು ಇಳಿಸುವ ಔಷಧವನ್ನು ನಿಯತವಾಗಿ ಸೇವಿಸಿದರೆ ನಕ್ಷೆಯ ಅಕ್ಷರಭೇದ ಹಿಂದೆ ಸರಿಯುತ್ತದೆ. ಗೂರಲು ಈ ಒಂದು ವಂಶವಾಹಿಯಿಂದ ಉಂಟಾಗುವ ರೋಗವೂ ಅಲ್ಲ. ಹತ್ತಾರು ವಂಶವಾಹಿಗಳು ಚೂರುಚೂರು ಪ್ರವೃತ್ತಿಯನ್ನು ಸೇರಿಸುತ್ತವೆ. ಅದನ್ನು ಕೆರಳಿಸುವುದು ಗಾಳಿ, ಹೊಗೆ, ದೂಳು, ಸೋಂಕು. ಆದುದರಿಂದ ಗೂರಲಿಗೆ ಚಿಕಿತ್ಸೆ ಆರಂಭಿಸುವುದಕ್ಕಾಗಿ ಸಾವಿರಾರು ರೂಪಾಯಿ ತೆತ್ತು ವಂಶವಾಹಿ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ.

ಆಯುರ್ವೇದದ ನೋಟ

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯದಲ್ಲಿ ಐದು ಬಗೆಯ ಶ್ವಾಸರೋಗಗಳ ವಿವರಣೆಯಿದೆ. ಅವುಗಳಲ್ಲಿ ತಮಕಶ್ವಾಸದ ಲಕ್ಷಣಗಳು ಗೂರಲನ್ನು ಹೋಲುತ್ತವೆ. ಮೋಡ, ಮಳೆ, ಚಳಿ, ಮೂಡಣ ಗಾಳಿ ಮತ್ತು ಕಫಕರ ಆಹಾರದಿಂದ ಅದು ಹೆಚ್ಚುತ್ತದೆ. ಮಲಗಿದರೆ ಸಂಕಟ, ಎದ್ದು ಕುಳಿತರೆ ಸುಖ. ರೋಗಿ ಬಿಸಿಯನ್ನು ಬಯಸುತ್ತಾನೆ. ಇದನ್ನು ಯಾಪ್ಯವೆಂದು, ಅಂದರೆ ಸತತ ಚಿಕಿತ್ಸೆಯಿಂದ ಹತೋಟಿಯಲ್ಲಿಡಬಹುದಾದ ರೋಗವೆಂದು ಆಚಾರ್ಯರು ಹೇಳಿ, ಹೊಸದಾಗಿದ್ದರೆ ಸಾಧ್ಯವೆಂದೂ ಸೇರಿಸಿದ್ದಾರೆ. ತಡಮಾಡದೆ ಆರಂಭಿಸಿ, ಬಿಡದೆ ಮುಂದುವರಿಸಬೇಕೆಂಬ ಆ ಸೂಚನೆ ಇಂದಿಗೂ ಸರಿಯಾಗಿದೆ.

ಅದೇ ಗ್ರಂಥದ ಶಾರೀರಸ್ಥಾನದಲ್ಲಿ ಬೀಜದ ವಿಚಾರ ಬರುತ್ತದೆ. ಬೀಜದ ಯಾವ ಭಾಗ ಕೆಡುತ್ತದೆಯೋ ಅದಕ್ಕೆ ಸಂಬಂಧಿಸಿದ ಅಂಗದಲ್ಲಿ ಮಾತ್ರ ವಿಕಾರ ಉಂಟಾಗುತ್ತದೆ, ಕೆಡದಿದ್ದರೆ ಉಂಟಾಗುವುದಿಲ್ಲ, ಎಂಬುದು ಅಲ್ಲಿನ ಅಭಿಪ್ರಾಯ. ಚರಕರಿಗೆ ವರ್ಣತಂತು ತಿಳಿದಿತ್ತೆಂದು ಇದರಿಂದ ಸಾಧಿಸಹೊರಡುವುದು ಸರಿಯಲ್ಲ. ಆದರೆ ತಂದೆತಾಯಿಗಳಲ್ಲಿರುವ ವಿಕಾರವೆಲ್ಲ ಮಕ್ಕಳಿಗೆ ಬಂದೇ ತೀರುತ್ತದೆ ಎಂಬ ಭಾವನೆಯನ್ನು ಅವರು ಆಗಲೇ ಒಪ್ಪಿರಲಿಲ್ಲ ಎಂಬುದು ಗಮನಾರ್ಹ.

ಬದಲಾದದ್ದು ಗಾಳಿ

ಅಜ್ಜಂಪುರದ ಜನರಿಗೆ ತಳಿಯ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಲ್ಲಿನ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಮೈಸೂರು ಅರಸರ ಕಾಲದಿಂದ ಹೆಸರಾದ ರಾಸುಗಳ ವಂಶವನ್ನು ಕಾಯ್ದುಕೊಂಡು ಬಂದಿದೆ. ಸೈನ್ಯದ ಸರಂಜಾಮು ಹೊತ್ತು ದಣಿಯದೆ ನಡೆಯುತ್ತಿದ್ದ ಎತ್ತುಗಳವು. ಆದರೂ ಕಾವಲಿನ ಹುಲ್ಲು, ನೀರು, ನಡಿಗೆಗಳಿಲ್ಲದೆ ಕತ್ತಲೆಯ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರೆ ಅದೇ ತಳಿಯ ಕರು ಸೊರಗುತ್ತದೆಂಬುದನ್ನು ಯಾವ ರೈತನೂ ಬಲ್ಲ. ಬೀಜ ಎಷ್ಟು ಮುಖ್ಯವೋ ಮೇವು ಮತ್ತು ನೆಲೆಯೂ ಅಷ್ಟೇ ಮುಖ್ಯ.

ಮನುಷ್ಯರಲ್ಲಿ ಇದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳನ್ನು ಎರಡು ದಶಕಗಳ ಕಾಲ ಪರಿಶೀಲಿಸಿದರು. 1979ರಲ್ಲಿ ಶೇ. 9ರಷ್ಟು ಮಕ್ಕಳಲ್ಲಿದ್ದ ಆಸ್ತಮಾ 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಇಪ್ಪತ್ತು ವರ್ಷಗಳಲ್ಲಿ ಒಂದು ಊರಿನ ಜನರ ವಂಶವಾಹಿಗಳು ಹೀಗೆ ಮಾರ್ಪಡಲಾರವು. ಮಾರ್ಪಟ್ಟದ್ದು ಊರಿನ ಗಾಳಿ ಮತ್ತು ಬದುಕಿನ ಬಗೆ.

ಹಳ್ಳಿಯವರು ಇದು ಪಟ್ಟಣದ ಮಾತೆಂದು ನಿಶ್ಚಿಂತರಾಗುವಂತಿಲ್ಲ. ಸುತ್ತೂರು ಶ್ರೀಮಠದ ಆಶ್ರಯದ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ತಜ್ಞರು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಅಳತೆಯನ್ನು ಪ್ರಕಟಿಸಿದರು. ಸೌದೆ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ, ಹೀಗೆ ಎಷ್ಟು ವರ್ಷ ಎಂಬುದನ್ನು ಗುಣಿಸಿದಾಗ ಬರುವ ಸಂಖ್ಯೆ 60ನ್ನು ಮುಟ್ಟಿದರೆ, ಗೂರಲಿನ ನೆರೆಯ ರೋಗವಾದ ದೀರ್ಘಕಾಲದ ಕಫಕೆಮ್ಮಿನ ಅಪಾಯ ಎದ್ದು ಕಾಣುತ್ತದೆಂಬುದು ಅದರ ತಾತ್ಪರ್ಯ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದ ತಾಯಿ ಆ ಸಂಖ್ಯೆಯನ್ನು ಮುಟ್ಟಿರುತ್ತಾಳೆ. ಓದುಗರು ತಮ್ಮ ತಾಯಿಯದು, ಅತ್ತೆಯದು, ಮಡದಿಯದು ಎಷ್ಟಾಗುತ್ತದೆಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಪಾಲಿಸಬೇಕಾದ ನಿಯಮಗಳು

1. ಪಂಪುಗಳಲ್ಲಿ ಎರಡು ಬಗೆಯುಂಟು. ಸಾಲ್ಬ್ಯುಟಮಾಲ್ ತತ್ಕ್ಷಣದ ಉಪಶಮನಕ್ಕೆ. ಬುಡೆಸೊನೈಡ್‌ನಂತಹ ಸ್ಟಿರಾಯ್ಡ್ ಇರುವುದು ಬಾವಿನ ನಿಯಂತ್ರಣಕ್ಕೆ. ಉಪಶಮನದ ಪಂಪೊಂದನ್ನೇ ನೆಚ್ಚಿಕೊಳ್ಳುವುದು ಅಪಾಯಕರ. ಹದಿಹರೆಯದವರಿಗೆ ಮತ್ತು ವಯಸ್ಕರಿಗೆ ಕೇವಲ ಅದೊಂದನ್ನೇ ಕೊಡಬಾರದೆಂದು ಆಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

2. ಒಂದೇ ಬಾಗಿಲನ್ನು ಮೇಲಿಂದ ಮೇಲೆ ತೆರೆಯುತ್ತಿದ್ದರೆ ಕೋಶಗಳು ಆ ಗ್ರಾಹಕಗಳನ್ನು ಒಳಗೆ ಎಳೆದುಕೊಳ್ಳುತ್ತವೆ. ಔಷಧದ ಫಲ ಕುಗ್ಗುತ್ತದೆ. ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ಉಪಶಮನದ ಪಂಪು ಬೇಕಾದರೆ ರೋಗ ಹತೋಟಿಯಲ್ಲಿಲ್ಲವೆಂದು ತಿಳಿದು ವೈದ್ಯರನ್ನು ಕಾಣಬೇಕು.

3. ಪಂಪನ್ನು ಎಳೆಯುವ ಕ್ರಮವನ್ನು ವೈದ್ಯರ ಮುಂದೆ ಮಾಡಿ ತೋರಿಸಬೇಕು. ಸ್ಟಿರಾಯ್ಡ್ ಪಂಪಿನ ಬಳಿಕ ಬಾಯಿ ಮುಕ್ಕಳಿಸಬೇಕು. ಇದರಲ್ಲಿರುವ ಔಷಧದ ಪ್ರಮಾಣ ನುಂಗುವ ಮಾತ್ರೆಗಿಂತ ಬಹಳ ಕಡಿಮೆ, ಹೆದರುವ ಕಾರಣವಿಲ್ಲ.

4. ಯಾವ ತೊಂದರೆಗೆ ಯಾವ ವೈದ್ಯರ ಬಳಿ ಹೋದರೂ ಗೂರಲಿದೆಯೆಂದು ಮೊದಲೇ ಹೇಳಬೇಕು. ತಲೆನೋವು, ಕೈನಡುಕ, ರಕ್ತದೊತ್ತಡಗಳಿಗೆ ಕೊಡುವ ಪ್ರೊಪ್ರನೊಲಾಲ್ ಈ ಬಾಗಿಲನ್ನೇ ಮುಚ್ಚುತ್ತದೆ. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಹಾಗೆಯೇ. ಒಂದು ಹನಿಯಿಂದಲೂ ಉಬ್ಬಸ ಕೆರಳಬಹುದು.

5. ಒಕ್ಕಣೆಯಲ್ಲಿ, ಅಡಿಕೆ ಕೆಲಸದಲ್ಲಿ ಮೂಗುಬಾಯಿಗಳನ್ನು ಮುಚ್ಚಿಕೊಳ್ಳಬೇಕು. ಹೊಗೆ ಹೊರಹೋಗಲು ಅಡುಗೆಮನೆಗೆ ದಾರಿಯಿರಲಿ. ಆದಷ್ಟು ಗ್ಯಾಸ್ ಒಲೆಯನ್ನೇ ಬಳಸಬೇಕು. ಬೀಡಿ, ಸಿಗರೇಟು ಮನೆಯೊಳಗೆ ಕೂಡದು. ಮುಚ್ಚಿದ ಪೂಜಾಕೋಣೆಯಲ್ಲಿ ಧೂಪ, ಊದುಬತ್ತಿಗಳ ಹೊಗೆ ತುಂಬಿಸುವುದು ಬೇಡ. ಇಷ್ಟಲಿಂಗ ಪೂಜೆಗೆ ಬೇಕಾದದ್ದು ಏಕಾಗ್ರತೆ. ಹೊಗೆಯಿಲ್ಲದೆಯೂ ಅದು ಸಾಂಗವಾಗಿ ನಡೆಯುತ್ತದೆ.

6. ಆಡುಸೋಗೆ, ಹಿಪ್ಪಲಿ, ತುಳಸಿ, ಸಿತೋಪಲಾದಿ ಚೂರ್ಣ ಮುಂತಾದವು ವೈದ್ಯರ ಸಲಹೆಯಂತೆ ಕಫಶಮನಕ್ಕೆ ನೆರವಾಗುತ್ತವೆ. ಆದರೆ ಇವುಗಳನ್ನು ಆರಂಭಿಸಿದೆವೆಂದು ಪಂಪನ್ನು ನಿಲ್ಲಿಸಕೂಡದು. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹೆಸರು, ತಯಾರಕರ ವಿವರ ಯಾವುದೂ ಇಲ್ಲದ ದಮ್ಮಿನ ಪುಡಿಗಳನ್ನು ಮುಟ್ಟಬೇಡಿರಿ. ಇಂತಹ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರಸಿರುವುದು ಪತ್ತೆಯಾಗಿರುವುದುಂಟು.

7. ಒಂದು ವಾಕ್ಯವನ್ನು ಪೂರ್ಣ ಆಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಪಂಪಿಗೂ ಬಗ್ಗದ ಉಬ್ಬಸ ಕಂಡುಬಂದರೆ ರೋಗಿಯನ್ನು ನೆಟ್ಟಗೆ ಕೂರಿಸಿ, ಪಂಪನ್ನು ಕೊಡುತ್ತಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಬೆಳಗಾಗಲೆಂದು ಕಾಯಬಾರದು.

ಹುಟ್ಟಿನಿಂದ ಅಳೆಯದಿರೋಣ

ಇನ್ನೊಂದು ಮಾತನ್ನು ಹೇಳದೆ ಈ ಲೇಖನ ಪೂರ್ಣವಾಗದು. ಗೂರಲಿರುವ ಹೆಣ್ಣುಮಗಳ ಪಂಪನ್ನು ಬೀರುವಿನಲ್ಲಿ ಬಚ್ಚಿಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಸಂಬಂಧ ತಪ್ಪೀತೆಂಬ ಭಯ ತಂದೆತಾಯಿಗಳದು. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಪಂಪು ತೆಗೆಯಲಾರದೆ ಆಕೆ ರಾತ್ರಿಯಿಡೀ ಕುಳಿತು ಕಳೆಯುತ್ತಾಳೆ. ಹೀಗೆ ಬಚ್ಚಿಟ್ಟ ರೋಗ ಉಲ್ಬಣಿಸುವುದು ಬಸುರಿನಲ್ಲಿ ಅಥವಾ ಬಾಣಂತನದಲ್ಲಾದರೆ ಎರಡು ಜೀವಗಳಿಗೆ ಅಪಾಯ.

ತಾಯಿಗೋ ತಂದೆಗೋ ಗೂರಲಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು, ನಿಜ. ಆದರೆ ಅನೇಕ ಮಕ್ಕಳಿಗೆ ಬರುವುದಿಲ್ಲ. ಬಂದರೂ ಸರಿಯಾದ ಚಿಕಿತ್ಸೆಯಿಂದ ಅವರು ಓಡಾಡಿ, ಓದಿ, ದುಡಿದು ಎಲ್ಲರಂತೆ ಬಾಳುತ್ತಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಮನುಷ್ಯನನ್ನು ಹುಟ್ಟಿನಿಂದ ಅಳೆಯಲು ಒಪ್ಪಲಿಲ್ಲ. ಕಾಯಕದಿಂದ, ನಡತೆಯಿಂದ ಅಳೆದರು. ಅವರ ಹಾದಿಯಲ್ಲಿ ನಡೆಯುವ ನಾವು ವಂಶವಾಹಿಯ ಹೆಸರಿನಲ್ಲಿ ಅದೇ ಹಳೆಯ ಅಳತೆಗೋಲನ್ನು ಮತ್ತೆ ಕೈಗೆತ್ತಿಕೊಳ್ಳಬಾರದು. ಸಂಬಂಧ ನೋಡುವಾಗ ರೋಗವನ್ನು ಮುಚ್ಚಿಡದೆ ಹೇಳುವ ಧೈರ್ಯ ಒಂದು ಕಡೆ, ಕೇಳಿಯೂ ಹಿಂಜರಿಯದ ಔದಾರ್ಯ ಇನ್ನೊಂದು ಕಡೆ ಇರಲಿ. ಶಾಲೆಗೆ ಹೋಗುವ ಮಗುವಿನ ಚೀಲದಲ್ಲಿ ಪುಸ್ತಕದೊಡನೆ ಪಂಪೂ ಇರಲಿ, ಅದರ ವಿಷಯ ಮೇಷ್ಟರಿಗೂ ತಿಳಿದಿರಲಿ.